ಕಳೆದದ್ದನ್ನು ಕೊಡುವ ತೊಟ್ಟಿ

ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಆ ತೊಟ್ಟಿಯ ಮುಂದೆ ನಾನೂ ಒಂದು ಕಾಯಿ ಒಡೆದಿದ್ದೇನೆ. ಮೂವತ್ತೈದು ವರ್ಷ ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತಿ ನಿವೃತ್ತನಾದವನು, ಲೋಕದ ಮೇಲೆ ದೊಡ್ಡ ಭರವಸೆಯನ್ನೇನೂ ಇಟ್ಟುಕೊಂಡವನಲ್ಲ, ಹಾಗಿದ್ದೂ ಒಡೆದೆ. ಆದ್ದರಿಂದ ಇಲ್ಲಿ ಉಳಿದವರನ್ನು ಬೈಯುವಾಗ ನನ್ನನ್ನೂ ಸೇರಿಸಿಯೇ ಬೈಯುತ್ತಿದ್ದೇನೆ ಎಂದು ಓದುವವರು ತಿಳಿಯತಕ್ಕದ್ದು.

ಕುಮಟೆಯಿಂದ ಧಾರೇಶ್ವರದ ಕಡೆ ಹೋಗುವಾಗ ಹೆದ್ದಾರಿ ಬಿಟ್ಟು ಪಶ್ಚಿಮಕ್ಕೆ ಇಳಿದರೆ ನಮ್ಮ ಕಡಲಸಿರಿ ಬಡಾವಣೆ ಸಿಗುತ್ತದೆ. ಹೆಸರು ಕೇಳಿ ಮೋಸಹೋಗಬಾರದು. ಕಡಲು ಕಾಣುವುದು ತಾರಸಿಯ ಸಿಂಟೆಕ್ಸ್ ಟಾಂಕಿಯ ಮೇಲೆ ಹತ್ತಿದವರಿಗೆ ಮಾತ್ರ. ಎಂಬತ್ತನಾಲ್ಕು ಮನೆಗಳು. ಹಿಂಬದಿಯಲ್ಲಿ, ಗೇರು ಮರಗಳ ಆಚೆ, ಹಸಿರು ಬಣ್ಣ ಬಳಿದ ಒಂದು ಆವರಣ. ಅದರ ಗೇಟಿಗೆ 'ನೀರು ಶುದ್ಧೀಕರಣ ಘಟಕ' ಎಂಬ ಫಲಕ. ಯಾವ ನೀರು ಎಂದು ಫಲಕ ಹೇಳುವುದಿಲ್ಲ. ಮನೆ ಕಟ್ಟಿ ಮಾರಿದವನು ಬಹಳ ನಾಜೂಕಿನ ಮನುಷ್ಯ. ಕೊಂಡ ನಾವೂ ನಾಜೂಕಿನವರೇ. ಫ್ಲಶ್ಶಿನ ಗುಂಡಿ ಒತ್ತಿದ ಮೇಲೆ ಒಳಗಿನದು ಎಲ್ಲಿಗೆ ಹೋಗುತ್ತದೆ ಎಂದು ಎಂಬತ್ತನಾಲ್ಕು ಮನೆಗಳಲ್ಲಿ ಒಬ್ಬರೂ ಕೇಳಿರಲಿಲ್ಲ. ಹೋಗುತ್ತದೆ, ಅಷ್ಟೆ. ಆ ಹಸಿರು ಆವರಣದಲ್ಲಿ ಬಾವಿಯ ನೀರನ್ನು ಶುದ್ಧಮಾಡಿ ನಮ್ಮ ನಲ್ಲಿಗೆ ಬಿಡುತ್ತಾರೆ ಎಂದು ಹೆಚ್ಚಿನವರು ನಂಬಿದ್ದರು.

ನಿಜವಾಗಿ ಅಲ್ಲಿಗೆ ಹೋಗುತ್ತಿದ್ದದ್ದು ನಮ್ಮ ಪಾಯಿಖಾನೆ, ಬಚ್ಚಲುಗಳ ನೀರು. ಮೊದಲು ಒಂದು ಗುಂಡಿ. ಅಲ್ಲಿ ಕಬ್ಬಿಣದ ಜಾಲರಿ ಅಡ್ಡ ನಿಂತು ಕೂದಲು, ಚಿಂದಿ, ಶಾಂಪೂ ಪ್ಯಾಕೆಟ್ಟು ಮುಂತಾದ ಕಸವನ್ನು ಹಿಡಿಯುತ್ತದೆ. ಆಮೇಲೆ ದೊಡ್ಡ ತೊಟ್ಟಿ. ಅದರ ತಳದಿಂದ ಬ್ಲೋವರ್ ಎಂಬ ಯಂತ್ರ ಹಗಲೂ ರಾತ್ರಿ ಗಾಳಿ ಊದುತ್ತದೆ. ಕಣ್ಣಿಗೆ ಕಾಣದ ಕೋಟಿಗಟ್ಟಲೆ ಜೀವಾಣುಗಳು ಆ ನೀರಿನಲ್ಲಿದ್ದುಕೊಂಡು ನಮ್ಮ ಹೊಲಸನ್ನು ತಿಂದು ತೇಗುತ್ತವೆ. ಮುಂದಿನ ತೊಟ್ಟಿಯಲ್ಲಿ ಕೆಸರು ಕೆಳಗೆ ಕೂತು ತಿಳಿ ಮೇಲೆ ನಿಲ್ಲುತ್ತದೆ. ತಿಳಿಯನ್ನು ಮರಳಿನಲ್ಲಿ ಸೋಸಿ, ಚೂರು ಕ್ಲೋರಿನ್ ಹನಿಸಿ, ಹಿಂದಿನ ಕೋಡಿಗೆ ಬಿಡುತ್ತಾರೆ. ಕೋಡಿಯೆಂದರೆ ಭರತ, ಅಂದರೆ ಉಬ್ಬರ, ಬಂದಾಗ ಸಮುದ್ರದ ನೀರು ಒಳಗೆ ನುಗ್ಗಿ ಬರುವ ಕಾಲುವೆ. ಜೀವಾಣುಗಳಿಗೆ ಬೇಕಾದ್ದು ಎರಡೇ, ತಿನ್ನಲು ಹೊಲಸು ಮತ್ತು ಉಸಿರಾಡಲು ಗಾಳಿ. ಹೊಲಸಿನ ವಿಷಯದಲ್ಲಿ ನಮ್ಮ ಬಡಾವಣೆ ಎಂದೂ ಕೈ ಬಿಗಿಹಿಡಿದದ್ದಿಲ್ಲ.

ಇದನ್ನೆಲ್ಲ ನೋಡಿಕೊಳ್ಳುವವನು ಬೊಮ್ಮಯ್ಯ. ಐವತ್ತರ ಹತ್ತಿರದ ಸಣಕಲು ಆಳು. ಕೋಡಿಯ ದಂಡೆಯ ಕೇರಿಯವನು. ಓದಿದ್ದು ಎಂಟನೆಯ ಇಯತ್ತೆ, ಆದರೆ ಹುಬ್ಬಳ್ಳಿಯಿಂದ ಬಂದ ಎಂಜಿನಿಯರ್ ಒಂದು ತಿಂಗಳು ಕಲಿಸಿದ್ದನ್ನು ಒಂದಕ್ಷರ ಬಿಡದೆ ಕಲಿತವನು. ಅವನಿಗೆ ಈ ಕೆಲಸ ಸಿಕ್ಕಿದ್ದಕ್ಕೂ ಒಂದು ಹಿನ್ನೆಲೆ ಇದೆ. ಘಟಕ ಕಟ್ಟುವಾಗ ಕೇರಿಯ ಹೆಂಗಸರು ಬುಟ್ಟಿ ಹಿಡಿದು ಬಂದು ಗೇಟಿಗೆ ಅಡ್ಡ ಕೂತಿದ್ದರು. ಮುಂದಾಳು ಬೊಮ್ಮಯ್ಯನ ಅಕ್ಕ ಸುಕ್ರಿ. ನೀರು ಇಳಿದಾಗ ಕೋಡಿಯ ಕೆಸರಿನಲ್ಲಿ ಕೂತು ಬಳಚು ಹೆಕ್ಕಿ, ಆ ಚಿಪ್ಪುಮೀನನ್ನು ಕುಮಟೆಯ ಪೇಟೆಯಲ್ಲಿ ಮಾರಿ ಬದುಕುವ ವಿಧವೆ. ತಾಯಿ ಸತ್ತ ಮೇಲೆ ತಮ್ಮನನ್ನು ಸಾಕಿದ್ದೂ ಆ ಬಳಚಿನಿಂದಲೇ. ಅವಳ ಮುಂದೆ ನಿಂತು ಬೊಮ್ಮಯ್ಯ, "ಅಕ್ಕ, ಈ ಮಷಿನ್ ನಾನೇ ನೋಡ್ಕಣ್ತೆ. ನನ್ನ ಕೈಯಿಂದ ಹೊಲಸು ನೀರು ಕೋಡಿಗೆ ಬರೂದಿಲ್ಲ" ಎಂದು ಮಾತು ಕೊಟ್ಟ ಮೇಲೆ ಹೆಂಗಸರು ಎದ್ದು ಹೋದರು. ನಾಲ್ಕು ವರ್ಷ ಆ ಮಾತು ನಡೆಯಿತು. ಕೋಡಿಯಲ್ಲಿ ಬಳಚು ಇತ್ತು, ಪೇಟೆಯಲ್ಲಿ ಸುಕ್ರಿ ಇದ್ದಳು.

ಬೊಮ್ಮಯ್ಯನಲ್ಲಿ ಒಂದೇ ದೋಷ. ಇಷ್ಟೆಲ್ಲ ಶ್ರದ್ಧೆಯಿಂದ ಮಾಡುವ ಕೆಲಸದ ಹೆಸರನ್ನು ಬಾಯಿಬಿಟ್ಟು ಹೇಳಲು ಅವನಿಗೆ ನಾಚಿಕೆ. ಹೆಂಡತಿ ಮಾದೇವಿಗೆ ಅದಕ್ಕಿಂತ ಹೆಚ್ಚು. ಅವಳು ಕಾಗಾಲದ ತವರಿನಲ್ಲಿ, "ನಮ್ಮನೆಯವ್ರು ನೀರಿನ ಆಪರೇಟರು" ಎಂದು ಹೇಳಿ ನಿಲ್ಲಿಸಿದ್ದಳು. ಹೊಲಸಿನ ಕೆಲಸ ಎಂದು ಗೊತ್ತಾದರೆ ತವರಿನವರು ತನ್ನ ಮನೆಯಲ್ಲಿ ಲೋಟ ಮುಟ್ಟಲಾರರು ಎಂದು ಅವಳ ಭಯ. ಅಂತೂ ಫಲಕ ಬರೆಸಿದವನು, ಬಡಾವಣೆಯವರು, ಮಾದೇವಿ, ಬೊಮ್ಮಯ್ಯ, ಎಲ್ಲರೂ ಸೇರಿ ಒಂದು ಶಬ್ದವನ್ನು ಬಚ್ಚಿಟ್ಟಿದ್ದರು. ಮುಂದಿನ ಅನರ್ಥಕ್ಕೆಲ್ಲ ಅಷ್ಟೇ ಸಾಕಾಯಿತು.

ಹೋದ ಜೂನ್ ತಿಂಗಳಲ್ಲಿ ಬೀಸಿದ ಗಾಳಿಗೆ ಹೆದ್ದಾರಿಯ ಉದ್ದಕ್ಕೂ ಕಂಬಗಳು ಮಲಗಿದವು. ಮೂರು ದಿನ ಕರೆಂಟಿಲ್ಲ. ಬ್ಲೋವರ್ ನಿಂತಿತು, ತೊಟ್ಟಿಯ ಜೀವಾಣುಗಳು ಉಸಿರುಗಟ್ಟಿ ಅರ್ಧಕ್ಕರ್ಧ ಸತ್ತವು. ಬೊಮ್ಮಯ್ಯ ಹುಬ್ಬಳ್ಳಿಗೆ ಫೋನು ಮಾಡಿದ. ಎಂಜಿನಿಯರ್ ಹೇಳಿದ ಉಪಾಯ ಇಷ್ಟು: ಕರೆಂಟು ಬಂದ ಕೂಡಲೇ ದಿನಾ ಬೆಳಿಗ್ಗೆ ಎರಡು ಬಕೆಟು ಹಸಿ ಸಗಣಿಯನ್ನು ನೀರಿನಲ್ಲಿ ಕದಡಿ ಹಾಕು, ಮೇಲಿಂದ ಬೆಲ್ಲದ ನೀರು ಸುರಿ. ಸಗಣಿಯಿಂದ ಹೊಸ ಜೀವಾಣು ಬರುತ್ತವೆ, ಬೆಲ್ಲ ತಿಂದು ಬೇಗ ಬೆಳೆಯುತ್ತವೆ. ಒಂದು ತಿಂಗಳು ಹೀಗೆ ಮಾಡು.

ಆಗ ಇದನ್ನು ನಮ್ಮ ಮಾಲತಿ ಅಕ್ಕೋರು ಕಂಡರು. ಹೊನ್ನಾವರದ ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿ ನಿವೃತ್ತರಾದವರು, ಬಡಾವಣೆಯ ಭಜನಾ ಮಂಡಳಿಯ ಅಧ್ಯಕ್ಷೆ. ಬೆಳಗಿನ ತಿರುಗಾಟಕ್ಕೆ ಗೇರು ಮರಗಳ ಕಡೆ ಹೋದವರಿಗೆ ಗೇಟಿನ ಸಂದಿಯಿಂದ ಕಂಡದ್ದೇನೆಂದರೆ, ಬೊಮ್ಮಯ್ಯ ಚಪ್ಪಲಿ ಕಳಚಿ, ತಲೆಗೆ ಬಿಳಿ ಪಂಚೆ ಸುತ್ತಿ, ತೊಟ್ಟಿಯ ಕಟ್ಟೆಯ ಮೇಲೆ ನಿಂತು ಸಗಣಿ ನೀರು, ಆಮೇಲೆ ಬೆಲ್ಲದ ನೀರು ನಿಧಾನವಾಗಿ ಸುರಿಯುತ್ತಿದ್ದಾನೆ. ಚಪ್ಪಲಿ ಕಳಚಿದ್ದು ಪಾಚಿಯ ಮೇಲೆ ಜಾರುತ್ತದೆ ಎಂದು. ಪಂಚೆ ಸುತ್ತಿದ್ದು ಮಳೆ ಹನಿಯುತ್ತಿತ್ತು ಎಂದು. ಆಮೇಲೆ ಅವನು ತೊಟ್ಟಿಯಿಂದ ಉದ್ದನೆಯ ಒಂದು ಗಾಜಿನ ಪಾತ್ರೆಯಲ್ಲಿ ನೀರು ತುಂಬಿ, ಎದುರಿಗೆ ಇಟ್ಟುಕೊಂಡು, ಅರ್ಧ ಗಂಟೆ ಅಲುಗಾಡದೆ ಅದನ್ನೇ ನೋಡುತ್ತ ಕೂತ. ಅರ್ಧ ಗಂಟೆಯಲ್ಲಿ ಕೆಸರು ಎಷ್ಟು ಕೆಳಗೆ ಕೂರುತ್ತದೆ ಎಂದು ಅಳೆಯುವುದು ಅವನ ನಿತ್ಯದ ಕೆಲಸ. ಅಕ್ಕೋರು ಆ ಅರ್ಧ ಗಂಟೆಯೂ ಗೇಟಿನ ಹೊರಗೆ ನಿಂತೇ ಇದ್ದರು.

"ಬೊಮ್ಮಯ್ಯ, ಇದು ಎಂತ ಮಾಡ್ತೀಯೋ?" ಎಂದು ಕೇಳಿದರು.

ಬೊಮ್ಮಯ್ಯ ಬೆಚ್ಚಿ ಎದ್ದ. ಊರಿಗೆಲ್ಲ ಪಾಠ ಹೇಳಿದ ಅಕ್ಕೋರ ಮುಂದೆ ಆ ಶಬ್ದ ಆಡುವುದು ಹೇಗೆ? "ಎಂತ ಇಲ್ಲ ಅಕ್ಕೋರೆ. ಒಳಗಿದ್ದವ್ಕೆ ಕೊಡೂದು."

"ಒಳಗೆ ಯಾರಿದ್ದಾರೆ?"

"ಕಣ್ಣಿಗೆ ಕಾಣೂದಿಲ್ಲ ಅಕ್ಕೋರೆ. ಆದ್ರೆ ಅವು ಸಮಾ ಇದ್ರೆ ನಮಗೆಲ್ಲ ಸಮಾ. ಗಾಳೀಲಿ ಬಹಳ ಹೋದ್ವು. ಈಗ ಸಗಣಿ, ಬೆಲ್ಲ ಕೊಟ್ಟು ಮತ್ತೆ ಕರೀತಾ ಇದ್ದೆ."

ಅಕ್ಕೋರು ಚಪ್ಪಲಿ ಕಳಚಿದರು.

ಇಷ್ಟಕ್ಕೇ ನಿಂತಿದ್ದರೆ ಒಬ್ಬ ನಿವೃತ್ತ ಶಿಕ್ಷಕಿಯ ಭಕ್ತಿಯಾಗಿ ಮುಗಿಯುತ್ತಿತ್ತು. ಆದರೆ ಅದೇ ವಾರ ಅಕ್ಕೋರ ಕಿವಿಯ ಬೆಂಡೋಲೆ ಬಚ್ಚಲಲ್ಲಿ ಕಳೆದುಹೋಯಿತು. ಅವರ ತಾಯಿ ಕೊಟ್ಟದ್ದು. ಮನೆಯೆಲ್ಲ ಹುಡುಕಿ ಸಿಗದೆ, ಅತ್ತು, ತೊಟ್ಟಿಗೆ ಒಂದು ಕಾಯಿ ಹೇಳಿಕೊಂಡರು. ಮರುದಿನ ಬೆಳಿಗ್ಗೆ ಬೊಮ್ಮಯ್ಯ ಬಾಗಿಲಿಗೆ ಬಂದು ಕೆಸುವಿನ ಎಲೆಯಲ್ಲಿ ಸುತ್ತಿದ ಬೆಂಡೋಲೆಯನ್ನು ಕೈಗಿತ್ತ. ಮೊದಲ ಗುಂಡಿಯ ಜಾಲರಿಯಲ್ಲಿ ಸಿಕ್ಕಿತ್ತು. ಅಕ್ಕೋರ ಕಿವಿಯಲ್ಲಿ ನೋಡಿದ್ದು ನೆನಪಿದ್ದರಿಂದ ಮೂರು ಸಲ ಸೋಪು ಹಾಕಿ ತೊಳೆದು ತಂದಿದ್ದ.

"ಎಲ್ಲಿ ಸಿಕ್ತು ಇದು?" ಅಕ್ಕೋರು ಕೇಳಿದರು.

"ಅಲ್ಲೇ. ತೊಟ್ಟಿ ಹತ್ರ."

ಸಂಜೆಯೊಳಗೆ ಎಂಬತ್ತನಾಲ್ಕು ಮನೆಗಳಿಗೂ ಸುದ್ದಿ ಮುಟ್ಟಿತು. ಮುಂದಿನ ಎರಡು ವಾರಗಳಲ್ಲಿ ಒಬ್ಬರ ಉಂಗುರ, ಒಬ್ಬರ ಕಾಲುಂಗುರ, ಒಂದು ಬೀಗದ ಕೈ ಸಿಕ್ಕವು. ಬಚ್ಚಲು, ಪಾಯಿಖಾನೆಗಳಲ್ಲಿ ಜನ ಏನೆಲ್ಲ ಕಳೆದುಕೊಳ್ಳುತ್ತಾರೆ ಎಂಬುದು ಅವರಿಗೇ ಗೊತ್ತಿರುವುದಿಲ್ಲ. ಹಾದಿಯಲ್ಲೋ ಬಸ್ಸಿನಲ್ಲೋ ಕಳೆದದ್ದು ಸಿಗುತ್ತಿರಲಿಲ್ಲ. ಅದಕ್ಕೆ ಅವರವರ ನಡತೆ ಸರಿಯಿಲ್ಲದ್ದು ಕಾರಣ ಎಂದು ತೀರ್ಮಾನವಾಯಿತು.

ನನ್ನದನ್ನೂ ಹೇಳಿಬಿಡುತ್ತೇನೆ. ಒಂದು ಬೆಳಿಗ್ಗೆ ಹಿಂದಿನ ದಿನದ ಬಂಗಡೆ ಸಾರಿನ ದೆಸೆಯಿಂದ ವಾಂತಿಯಾಗಿ, ನನ್ನ ಮೇಲ್ದವಡೆಯ ಕಟ್ಟಿದ ಹಲ್ಲು ಕಮೋಡಿನಲ್ಲಿ ಬಿತ್ತು. ಕನ್ನಡಕ ಇರಲಿಲ್ಲವಾಗಿ, ಬಿದ್ದದ್ದು ತಿಳಿಯದೆ ನೀರು ಬಿಟ್ಟೆ. ಹಲ್ಲು ಕಾಣೆಯಾಯಿತು ಎಂದಷ್ಟೇ ಹೆಂಡತಿಗೆ ಹೇಳಿದೆ. ಅವಳು ತೊಟ್ಟಿಗೆ ಹೇಳಿಕೊಂಡಳು. ನಾಲ್ಕನೆಯ ದಿನ ಬೊಮ್ಮಯ್ಯ ಕೆಸುವಿನ ಎಲೆಯ ಪೊಟ್ಟಣ ತಂದ. ನಾನು ಕಾಯಿ ಒಡೆದು, ಕಣ್ಣಿಗೊತ್ತಿಕೊಂಡು, ಹಲ್ಲನ್ನು ಅಲ್ಲೇ ಬಾಯಿಗೆ ಹಾಕಿಕೊಂಡೆ. ಈಗಲೂ ಅದೇ ಹಲ್ಲಿನಿಂದ ಅವಲಕ್ಕಿ ತಿನ್ನುತ್ತಿದ್ದೇನೆ, ಆದರೆ ಮೊದಲಿನ ರುಚಿ ಇಲ್ಲ.

ಆವರೆಗೆ ಬೊಮ್ಮಯ್ಯನಿಗೆ ನಮ್ಮ ಬಡಾವಣೆಯಲ್ಲಿ ಕಾಗದದ ಲೋಟದಲ್ಲಿ ಚಹಾ. ಅದನ್ನೂ ಗೇಟಿನ ಹೊರಗೆ ನಿಂತು ಕುಡಿಯಬೇಕು. ಈಗ ಸ್ಟೀಲಿನ ಲೋಟ ಬಂತು. ಆಮೇಲೆ ಜಗುಲಿಗೆ ಕರೆದರು. ಒಂದು ದಿನ ಸಂಘದ ಕಾರ್ಯದರ್ಶಿ ರವೀಂದ್ರ ತಾವೇ ಎದ್ದು ಕುರ್ಚಿ ಸರಿಸಿ, "ಕುಳಿತುಕೊಳ್ಳಿ ಬೊಮ್ಮಯ್ಯನವರೆ" ಎಂದರು. ಬೊಮ್ಮಯ್ಯ ಹಿಂದೆ ತಿರುಗಿ ನೋಡಿದ, ಬೇರೆ ಯಾರೋ ಬೊಮ್ಮಯ್ಯನವರು ಬಂದಿರಬೇಕೆಂದು. ಯಾರೂ ಇರಲಿಲ್ಲ. ಕೂತ. ಕೂತ ಮೇಲೆ ಏಳುವುದು ಕಷ್ಟ ಎಂಬುದನ್ನು ನಾನು ಕಚೇರಿಯಲ್ಲೂ ಬಹಳ ಕಂಡಿದ್ದೇನೆ.

ಮನೆಯಲ್ಲಿ ಮಾದೇವಿ ಅವನ ಅಂಗಿಗೆ ಇಸ್ತ್ರಿ ಹಾಕತೊಡಗಿದಳು. "ಅಲ್ವೆ, ಇದು ಹೀಂಗೆ ಬೆಳೆಯೂಕೆ ಬಿಡೂದು ಸಮಾ ಅಲ್ಲ. ನಾಳೆ ಹೇಳಿಬಿಡ್ತೆ" ಎಂದು ಅವನು ಒಮ್ಮೆ ಬಾಯಿ ತೆರೆದಾಗ ಅವಳು ಇಸ್ತ್ರಿ ಕೆಳಗಿಟ್ಟಳು.

"ಹೇಳಿ. ಕಾಗಾಲದಿಂದ ನಮ್ಮಣ್ಣ ಬರೂ ಸೋಮವಾರ ಕಾಯಿ ಒಡೆಯೂಕೆ ಬರ್ತ. ಅವಂಗೂ ಹೇಳಿ, ನೀ ಒಡೆದದ್ದು ಎಂತರ ಮುಂದೆ ಅಂತ."

ಅವನು ಹೇಳಲಿಲ್ಲ.

ರವೀಂದ್ರರಿಗೆ ನಿಜ ಗೊತ್ತಿತ್ತು. ಘಟಕದ ಕಾಗದಗಳೆಲ್ಲ ಅವರ ಕಪಾಟಿನಲ್ಲೇ ಇದ್ದವು. ಆದರೆ ಸಂಘದ ಚುನಾವಣೆ ಹತ್ತಿರ ಬಂದಿತ್ತು, ಭಜನಾ ಮಂಡಳಿಯಲ್ಲಿ ಐವತ್ತು ಜನ ಇದ್ದರು. ಗೊತ್ತಿದ್ದದ್ದನ್ನು ಮರೆಯುವ ಶಕ್ತಿ ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ಮೊದಲು ಬ್ಲೋವರಿಗೆ ಒಂದು ಬೆಲ್ಟು ಕೇಳಿದರೆ ಆರು ತಿಂಗಳು ಮಾಡುತ್ತಿದ್ದವರು ಈಗ ಹದಿನೈದೇ ದಿನದಲ್ಲಿ ತೊಟ್ಟಿಯ ಕಟ್ಟೆಗೆ ಗುಲಾಬಿ ಬಣ್ಣದ ಟೈಲ್ಸ್ ಹಾಕಿಸಿದರು, ಮೇಲೆ ಮಾಡು ಕಟ್ಟಿಸಿದರು. ಶ್ರಾವಣದ ಒಂದು ಸೋಮವಾರ ಶುದ್ಧೀಕರಣ ಮತ್ತು ಅಖಂಡ ಭಜನೆ ಎಂದು ನಿಶ್ಚಯವಾಯಿತು. ನೀರು ಶುದ್ಧೀಕರಣ ಘಟಕದ ಶುದ್ಧೀಕರಣ ಎಂದು ಆಮಂತ್ರಣದಲ್ಲಿ ಅಚ್ಚಾಗಿತ್ತು. ಯಾರಿಗೂ ಏನೂ ಅನ್ನಿಸಲಿಲ್ಲ.

ಆ ಸೋಮವಾರ ಬೆಳಿಗ್ಗೆ ಮಂಡಳಿಯವರು ಎರಡು ಚೀಲ ಬ್ಲೀಚಿಂಗ್ ಪುಡಿ, ಒಂದು ಕ್ಯಾನ್ ಫಿನಾಯಿಲ್ ತಂದು ಕಟ್ಟೆ ತೊಳೆದರು. ತೊಳೆದದ್ದೆಲ್ಲ ತೊಟ್ಟಿಗೇ ಹೋಯಿತು. ಒಳಗೂ ಸ್ವಚ್ಛವಾಗಲಿ ಎಂದು ಉಳಿದದ್ದನ್ನೂ ಸುರಿದರು. ಬೊಮ್ಮಯ್ಯ ಇಸ್ತ್ರಿ ಅಂಗಿಯಲ್ಲಿ ಓಡಿ ಬಂದ.

"ಅಕ್ಕೋರೆ, ಫಿನಾಯಿಲ್ ಹಾಕೂಕಾಗ. ಅವು ಸಾಯ್ತವೆ."

"ಯಾರು ಸಾಯ್ತಾರೆ ಬೊಮ್ಮಯ್ಯನವರೆ? ಇಂಥಾ ಒಳ್ಳೆ ದಿನ ಬಾಯಲ್ಲಿ ಆ ಮಾತು ಬರಬಾರ್ದು" ಎಂದು ಅಕ್ಕೋರು ಮೆಲ್ಲಗೆ ಗದರಿದರು.

ಅಷ್ಟರಲ್ಲಿ ಭಜನೆಗೆ ಅಡ್ಡಿ ಎಂದು ಯಾರೋ ಬ್ಲೋವರ್ ಬಂದ್ ಮಾಡಿದ್ದರು. ಬೊಮ್ಮಯ್ಯ ಹೋಗಿ ಹಾಕಿದ. ರವೀಂದ್ರ ಬಂದು ಮತ್ತೆ ನಿಲ್ಲಿಸಿದರು. "ಒಂದು ದಿನಕ್ಕೆ ಎಂತ ಆಗ್ತದೆ? ಮೈಕಿಗೆ ಗುಂಯ್ ಅಂತದೆ."

"ಒಳಗಿದ್ದವ್ಕೆ ಉಸಿರು ಬೇಕು ಸರ್. ನಿಮಗೆ ಗೊತ್ತದೆ ಅಲ್ದ?"

ರವೀಂದ್ರ ಅವನ ಹೆಗಲ ಮೇಲೆ ಕೈ ಇಟ್ಟು, "ಬನ್ನಿ, ನಿಮಗೊಂದು ಸನ್ಮಾನ ಅದೆ" ಎಂದರು.

ಕಾಗಾಲದ ಭಾವ ಮುಂದಿನ ಸಾಲಿನಲ್ಲೇ ಕೂತಿದ್ದ. ಬೊಮ್ಮಯ್ಯನಿಗೆ ಶಾಲು ಹೊದೆಸಿ, ಹಾರ ಹಾಕಿ, ಮೈಕು ಕೊಟ್ಟರು. ಅವನು ಮೈಕು ಹಿಡಿದು ಎರಡು ನಿಮಿಷ ಸುಮ್ಮನೆ ನಿಂತ. ಆ ಎರಡು ನಿಮಿಷದಲ್ಲಿ ಹೇಳಿಬಿಟ್ಟಿದ್ದರೆ ಎಲ್ಲ ಉಳಿಯುತ್ತಿತ್ತು ಎಂದು ಈಗ ಹೇಳುವುದು ಸುಲಭ. "ಎಲ್ಲರಿಗೂ ನಮಸ್ಕಾರ" ಎಂದು ಹೇಳಿ ಕೆಳಗಿಳಿದ. ಮೌನಿ, ಜ್ಞಾನಿ ಎಂದು ಜನ ಹೊಗಳಿದರು.

ಮೂರನೆಯ ದಿನ ನಾತ ಎದ್ದಿತು. ಅದು ಬರಿಯ ನಾತವಾಗಿರಲಿಲ್ಲ, ಎಂಬತ್ತನಾಲ್ಕು ಮನೆಗಳ ಒಳಗಿನ ಗುಟ್ಟೆಲ್ಲ ಹೊರಗೆ ಬಂದು ಗಾಳಿಯಲ್ಲಿ ನಿಂತ ಹಾಗಿತ್ತು. ಸಾನ್ನಿಧ್ಯಕ್ಕೆ ಏನೋ ಅಪಚಾರವಾಗಿದೆ ಎಂದರು ಅಕ್ಕೋರು. ಮತ್ತೊಂದು ಕ್ಯಾನ್ ಫಿನಾಯಿಲ್ ಬಂತು. ಬೊಮ್ಮಯ್ಯ ಇಷ್ಟು ಮಾತ್ರ ಮಾಡಿದ: ಕೋಡಿಗೆ ಹೋಗುವ ಪೈಪಿನ ವಾಲ್ವನ್ನು ತಿರುಗಿಸಿ ಬಿಗಿದ. ತೊಟ್ಟಿಯಲ್ಲಿ ಒಂದೂವರೆ ದಿನ ತಡೆಯುವಷ್ಟು ಜಾಗವಿತ್ತು. ಅಷ್ಟರೊಳಗೆ ಸಗಣಿ, ಬೆಲ್ಲ ಹಾಕಿ, ಬ್ಲೋವರ್ ಓಡಿಸಿ, ಹೇಗಾದರೂ ಜೀವ ತರಿಸುತ್ತೇನೆ ಎಂದುಕೊಂಡ. ಫಿನಾಯಿಲಿನ ನೀರಿನಲ್ಲಿ ಏನೂ ಹುಟ್ಟಲಿಲ್ಲ.

ವಾಲ್ವು ಬಿಗಿದ ಎರಡನೆಯ ದಿನ ಮಧ್ಯಾಹ್ನ ರವೀಂದ್ರರು ಲುಂಗಿ ಎತ್ತಿ ಕಟ್ಟಿಕೊಂಡು ಓಡಿ ಬಂದರು. ತಗ್ಗಿನಲ್ಲಿದ್ದ ಮೊದಲನೆಯ ಮನೆ ಅವರದೇ.

"ಬೊಮ್ಮಯ್ಯ, ನಮ್ಮನೆ ಬಚ್ಚಲಲ್ಲಿ ಮೇಲೆ ಬರ್ತಾ ಅದೆ. ವಾಲ್ವು ತೆಗಿ."

'ನವರೆ' ಆಗಲೇ ಹೋಗಿತ್ತು. ಬೊಮ್ಮಯ್ಯ ಎರಡೂ ಕೈಗಳಿಂದ ವಾಲ್ವನ್ನು ಹಿಡಿದುಕೊಂಡು ಕೂತಿದ್ದ. "ಇದು ಕೋಡಿಗೆ ಬಿಟ್ರೆ ಬಳಚು ಪೂರಾ ಹೋಗ್ತದೆ ಸರ್. ಇನ್ನೊಂದು ದಿನ ಎಲ್ಲರಿಗೂ ನೀರು ಕಡಿಮೆ ಬಿಡೂಕೆ ಹೇಳಿ."

"ಯಾರಿಗೆ ಹೇಳೂದು? ಹೆಂಡ್ತಿ ಕಾಟಿನ ಮೇಲೆ ನಿಂತಿದ್ದಾಳೆ. ತೆಗಿ."

"ಆಗೂದಿಲ್ಲ ಸರ್."

ರವೀಂದ್ರ ಬಗ್ಗಿ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ತಾವೇ ವಾಲ್ವು ತಿರುಗಿಸಿದರು. ನಾನು ಆಗ ಅಲ್ಲೇ ಇದ್ದೆ. ನಮ್ಮ ಮನೆಯ ಬಚ್ಚಲಲ್ಲೂ ಗುಳುಗುಳು ಎನ್ನುತ್ತಿತ್ತು, ಆದ್ದರಿಂದ ನಾನು ಏನೂ ಹೇಳಲಿಲ್ಲ. ಕಪ್ಪು ನೀರು ಹೊರಟಿತು.

ಮರುದಿನ ಇಳಿತದ ಹೊತ್ತು ಮುಗಿದ ಮೇಲೆ ಸುಕ್ರಿ ಬಂದಳು. ಗುಲಾಬಿ ಟೈಲ್ಸಿನ ಸುತ್ತ ಮಂಡಳಿಯವರೆಲ್ಲ ಪ್ರಾಯಶ್ಚಿತ್ತದ ವಿಚಾರ ಮಾತಾಡುತ್ತ ಕೂತಿದ್ದರು. ಅವಳು ಯಾರನ್ನೂ ನೋಡದೆ ಬುಟ್ಟಿಯನ್ನು ತಮ್ಮನ ಮುಂದೆ ಇಳಿಸಿದಳು. ಬುಟ್ಟಿ ತುಂಬ ಸತ್ತು ಬಾಯಿ ತೆರೆದ ಬಳಚು.

"ಎಲ್ಲಾ ಹೀಂಗೇ ಬಿದ್ದವೆ. ಕೆಸರು ಮುಟ್ಟಿದ್ರೆ ಕೈ ನಾತ. ಎಂತ ಬಿಟ್ರಿ ಕೋಡಿಗೆ?"

ಬೊಮ್ಮಯ್ಯನ ಮುಖ ನೋಡಲಾಗುತ್ತಿರಲಿಲ್ಲ. ಶಾಲು ಹೊದೆಸಿದವರೇ ಸುತ್ತ ಇದ್ದರು, ಕಾಗಾಲಕ್ಕೆ ಸುದ್ದಿ ಮುಟ್ಟಿಸುವವರೂ ಇದ್ದರು. ಅವನು ಅವರ ಕಡೆ ತಿರುಗಿದ.

"ಇದು ದೇವರಲ್ಲ ಅಕ್ಕೋರೆ. ಇದು ಹೇಲಿನ ತೊಟ್ಟಿ. ನಿಮ್ಮೆಲ್ಲರ ಮನೆದು ಇಲ್ಲಿಗೇ ಬರೂದು. ಒಳಗೆ ಸಣ್ಣ ಹುಳ ಇದ್ದು ಅದನ್ನ ತಿಂದು ನೀರು ಚೊಕ್ಕ ಮಾಡ್ತಿದ್ವು. ನೀವು ಫಿನಾಯಿಲ್ ಹಾಕಿ ಕೊಂದ್ರಿ. ನಿಮ್ಮ ಬೆಂಡೋಲೆ ಆ ಗುಂಡಿ ಜಾಲರೀಲಿ ಸಿಕ್ಕಿದ್ದು. ಮಾಸ್ತರರ ಹಲ್ಲು ಸೈತ."

ಮಾಸ್ತರ ಎಂದರೆ ಪೋಸ್ಟ್ ಮಾಸ್ತರ, ಅಂದರೆ ನಾನು. ಎಲ್ಲರೂ ನನ್ನ ಬಾಯಿಯ ಕಡೆ ನೋಡಿದರು. ನಾನು ಬಾಯಿ ಮುಚ್ಚಿಕೊಂಡೆ. ಅಕ್ಕೋರ ಕೈ ತನ್ನಷ್ಟಕ್ಕೆ ಕಿವಿಗೆ ಹೋಗಿ, ಅಲ್ಲಿಂದ ಸೆರಗಿಗೆ ಹೋಯಿತು.

"ಮೊದ್ಲೇ ಹೇಳೂಕೆ ಎಂತ ಆಗಿತ್ತು ನಿಂಗೆ?" ಸುಕ್ರಿ ಕೇಳಿದಳು. ಕೋಪವಿರಲಿಲ್ಲ, ತಿಳಿದುಕೊಳ್ಳಬೇಕೆಂದು ಕೇಳಿದ ಹಾಗಿತ್ತು.

"ಕುರ್ಚಿ ಕೊಟ್ಟಿದ್ರು ಅಕ್ಕ" ಎಂದ ಬೊಮ್ಮಯ್ಯ.

ಈಗ ನೀವು, ಸತ್ಯ ಹೊರಬಿತ್ತು, ಎಲ್ಲರೂ ನಾಚಿ ತಲೆ ತಗ್ಗಿಸಿದರು, ತೊಟ್ಟಿ ಸರಿಹೋಯಿತು ಎಂದು ನಿರೀಕ್ಷಿಸುತ್ತಿದ್ದರೆ, ನಿಮಗೆ ನಮ್ಮ ಬಡಾವಣೆಯ ಪರಿಚಯ ಸಾಲದು. ಮಂಡಳಿಯವರು ಬೊಮ್ಮಯ್ಯನ ಮಾತನ್ನು ನಂಬಿದರು. ನಂಬಿದ್ದೇ ಕೆಟ್ಟದ್ದಾಯಿತು. ಅಕ್ಕೋರು ರವೀಂದ್ರರನ್ನು ಕೇಳಿದರು.

"ಇದು ಹೌದಾ? ನಮ್ಮೆಲ್ಲರದ್ದು ಇದರೊಳಗೆ ಬರ್ತಾ ಇತ್ತಾ?"

"ಹಾಗೆ ನೋಡಿದ್ರೆ, ಹೌದು" ಎಂದರು ರವೀಂದ್ರ. "ಪೈಪು ಹಾಗೆ ಕೊಟ್ಟಿದ್ದಾರೆ."

"ಇಷ್ಟು ಜನಕ್ಕೆ ಕಳೆದದ್ದು ಕೊಟ್ಟ ಜಾಗ. ಅದರೊಳಗೆ ನಾವು ಇಂಥದ್ದು ಬಿಡ್ತಾ ಇದ್ವಾ?" ಅಕ್ಕೋರ ಕಣ್ಣು ತುಂಬಿತು. ನಿಜವಾದ ದುಃಖ ಅದು, ನಟನೆಯಲ್ಲ. "ನಾತ ಬರದೆ ಇನ್ನೆಂತ ಬರ್ತದೆ?"

ಹೀಗೆ ಬೊಮ್ಮಯ್ಯ ಬಾಯಿಬಿಟ್ಟು ಹೇಳಿದ ಸತ್ಯದಿಂದಲೇ ಅಪಚಾರ ಯಾವುದೆಂದು ಪತ್ತೆಯಾಯಿತು. ಇನ್ನು ಮುಂದೆ ಬಡಾವಣೆಯ ಹೊಲಸು ತೊಟ್ಟಿಗೆ ಬೀಳಕೂಡದು, ಬೇರೆ ಪೈಪು ಹಾಕಿ ನೇರವಾಗಿ ಕೋಡಿಗೆ ಬಿಡತಕ್ಕದ್ದು ಎಂದು ಸಂಘದ ಸಭೆಯಲ್ಲಿ ಎಲ್ಲರೂ ಕೈಯೆತ್ತಿದರು. ನಾನು ಎತ್ತಲಿಲ್ಲ ಎಂದು ಹೇಳುವ ಆಸೆ ಇದೆ. ಅರ್ಧ ಎತ್ತಿದೆ. ಎಣಿಸುವವರು ಪೂರ್ತಿ ಎಂದು ಎಣಿಸಿದರು.

ಸುಕ್ರಿಯೂ ಕೇರಿಯ ಹೆಂಗಸರೂ ಕೋಡಿಯ ನೀರು ಕೆಟ್ಟಿದೆ ಎಂದು ಸರ್ಕಾರಕ್ಕೆ ಅರ್ಜಿ ಬರೆಸಿ ಹಾಕಿದರು. ಬರೆದುಕೊಟ್ಟವನು ನಾನೇ, ಆ ಮಟ್ಟಿಗೆ ನನ್ನ ಪಾಪ ಕಡಿಮೆಯಾಯಿತೋ ಏನೋ. ಅರ್ಜಿ ಹೋಗಿ ಹದಿನೆಂಟು ದಿನಕ್ಕೆ ನೀರು ಪರೀಕ್ಷೆ ಮಾಡುವ ದಿವ್ಯಶ್ರೀ ಮೇಡಂ ಜೀಪಿನಲ್ಲಿ ಬಂದರು. ಚುರುಕಿನ ಹುಡುಗಿ, ಕೆಟ್ಟವಳಲ್ಲ. ಆ ದಿನ ಅವರು ಭಟ್ಕಳದವರೆಗೆ ಇನ್ನೂ ಒಂಬತ್ತು ಕಡೆ ನೀರು ತುಂಬಿಕೊಳ್ಳಬೇಕಿತ್ತು. ಟೈಲ್ಸು, ಮಾಡು, ದೀಪ ನೋಡಿ ಗೇಟಿನಲ್ಲೇ ತಾವಾಗಿ ಚಪ್ಪಲಿ ಕಳಚಿದರು.

"ಘಟಕದ ತೊಟ್ಟಿ ಇದೇ ಅಲ್ವಾ?"

"ಇದೇ ಮೇಡಂ" ಎಂದರು ರವೀಂದ್ರ. ಸುಳ್ಳಲ್ಲ. ಅಷ್ಟರಲ್ಲಿ ಮನೆಗಳ ಹೊಲಸನ್ನು ಹಿಂಬದಿಯ ಒಂದು ಚರಂಡಿಗೆ ತಿರುಗಿಸಿ, ತೊಟ್ಟಿಯ ಹಳೆಯ ನೀರನ್ನೆಲ್ಲ ಹೊರಹಾಕಿ, ಟ್ಯಾಂಕರಿನಲ್ಲಿ ಬಾವಿಯ ನೀರು ತರಿಸಿ ತುಂಬಿಸಿದ್ದರು. ತಳ ಕಾಣುತ್ತಿತ್ತು, ಎರಡು ತಾವರೆ ಬೇರೆ.

ಬೊಮ್ಮಯ್ಯ ಮುಂದೆ ಬಂದು, "ಮೇಡಂ, ಇಲ್ಲಿಂದ ತಗಂಡ್ರೆ ಎಂತ ತಿಳಿಯೂದಿಲ್ಲ. ಹಿಂಬದಿಗೆ ಚರಂಡಿ ಮಾಡಿ ಹೊಲಸು ಕೋಡಿಗೆ ಬಿಟ್ಟಿದ್ರು, ಅಲ್ಲಿ ಬನ್ನಿ" ಎಂದ.

"ಮಳೆ ನೀರಿನ ಚರಂಡಿ ಅದು ಮೇಡಂ" ಎಂದರು ರವೀಂದ್ರ. "ಇವ ಕೆಲಸದಲ್ಲಿ ಸ್ವಲ್ಪ ಅಜಾಗರೂಕ. ತೊಟ್ಟಿ ಹಾಳಾದದ್ದು ಇವನಿಂದಲೇ. ಆದ್ರೂ ಬಡವ ಅಂತ ಇಟ್ಟುಕೊಂಡಿದ್ದೇವೆ."

ಮೇಡಂ ಇಬ್ಬರ ಮುಖವನ್ನೂ ನೋಡಿ, ಗಡಿಯಾರ ನೋಡಿ, ತೊಟ್ಟಿಯ ನೀರನ್ನೇ ಬಾಟಲಿಗೆ ತುಂಬಿಕೊಂಡರು. ಹದಿನೈದು ದಿನಕ್ಕೆ ವರದಿ ಬಂತು. ಜಿಲ್ಲೆಯಲ್ಲೇ ಇಷ್ಟು ಶುದ್ಧವಾದ ಸಂಸ್ಕರಿಸಿದ ನೀರು ಬೇರೆಲ್ಲೂ ಕಂಡಿಲ್ಲ ಎಂದು ಬರೆದಿತ್ತು. ರವೀಂದ್ರ ಅದಕ್ಕೆ ಚೌಕಟ್ಟು ಹಾಕಿಸಿ ಫಲಕದ ಪಕ್ಕ ತೂಗುಹಾಕಿದರು. ಚುನಾವಣೆಯಲ್ಲಿ ಎದುರಾಳಿಯೇ ಇರಲಿಲ್ಲ.

ಇನ್ನು ಪೈಪು. ತಾತ್ಕಾಲಿಕ ಚರಂಡಿಯನ್ನು ತೆಗೆದು ನೆಲದೊಳಗೆ ದೊಡ್ಡ ಪೈಪು ಹಾಕುವುದೆಂದಾಯಿತು. ಯಾವ ಮನೆಯ ಪೈಪು ಎಲ್ಲಿ ಕೂಡುತ್ತದೆ, ಇಳಿಜಾರು ಯಾವ ಕಡೆ ಎಂಬುದು ಬೊಮ್ಮಯ್ಯನೊಬ್ಬನಿಗೇ ಗೊತ್ತು. ಆದ್ದರಿಂದ ಅವನನ್ನು ಕೆಲಸದಿಂದ ತೆಗೆಯಲಿಲ್ಲ, ತೋರಿಸಲು ನಿಲ್ಲಿಸಿದರು. ಕಾಗಾಲದಿಂದ ಮಾತು ಬಂದ ಮೇಲೆ ಮಾದೇವಿ ಅವನೊಡನೆ ಮಾತು ಬಿಟ್ಟಿದ್ದಳು. ಅವನು ಚಹಾ ಕುಡಿಯುವುದನ್ನೇ ಬಿಟ್ಟಿದ್ದ.

ಅಗೆತ ನನ್ನ ಮನೆಯ ಗೇಟಿನ ಎದುರಿನಿಂದಲೇ ಹೋಗುತ್ತಿತ್ತು. ನಾನು ಜಗುಲಿಯಲ್ಲಿ ಕೂತು ನೋಡುತ್ತಿದ್ದೆ. ಬೆಳಿಗ್ಗೆ ಎಂಟಕ್ಕೆ ಮೇಸ್ತ್ರಿ ವಿನೋದ ಕೂಲಿಯಾಳುಗಳನ್ನು ಟೆಂಪೋದಿಂದ ಇಳಿಸಿದ. ಗಂಡಸರು ಹಾರೆ ಹಿಡಿದರು, ಹೆಂಗಸರು ಮಣ್ಣು ಹೊರಲು ಬುಟ್ಟಿ ಎತ್ತಿಕೊಂಡರು. ನಾಲ್ಕನೆಯವಳು ಸುಕ್ರಿ.

ಬೊಮ್ಮಯ್ಯ ಗುಂಡಿ ದಾಟಿ ಅವಳ ಹತ್ತಿರ ಹೋದ. "ನೀ ಎಂತಕ್ಕೆ ಬಂದೆ ಅಕ್ಕ? ಮನೆಗೆ ಹೋಗು. ಈ ಪೈಪು ಎಲ್ಲಿಗೆ ಹೋಗೂದು ಗೊತ್ತಿದ್ಯ ನಿಂಗೆ?"

"ಗೊತ್ತದೆ. ಕೋಡಿಗೆ."

"ಗೊತ್ತಿದ್ದೂ ಬಂದ್ಯ?"

ಸುಕ್ರಿ ಸಿಂಬೆಯನ್ನು ತಲೆಯ ಮೇಲೆ ಸರಿಯಾಗಿ ಕೂರಿಸಿಕೊಂಡಳು. "ಎರಡು ತಿಂಗಳಾತು ತಮಾ, ಪೇಟೆಗೆ ಹೋಗದೆ. ಕೇರಿಯವ್ರೆಲ್ಲ ದಿನಗೂಲಿಗೆ ಇಲ್ಲೇ ಬಂದಿದ್ರು ನೋಡು." ಆಳು ತುಂಬಿಕೊಟ್ಟ ಬುಟ್ಟಿಯನ್ನು ಹೊತ್ತು ಎರಡು ಹೆಜ್ಜೆ ಹೋದವಳು ನಿಂತಳು. "ಎಷ್ಟು ದಿನದ ಕೆಲಸ ಇದು?"

"ನಾಲ್ಕು ದಿನ ಅಂದಿದ್ರು."

"ಮೆಲ್ಲಗೆ ಅಗೆಯೂಕೆ ಹೇಳು ಅವ್ಕೆ. ಐದು ದಿನ ಆದ್ರೂ ಅಡ್ಡಿಲ್ಲ."

ಬೊಮ್ಮಯ್ಯ ಮೇಸ್ತ್ರಿಯ ಹತ್ತಿರ ಹೋಗಿ ಅದನ್ನೇ ಹೇಳಿದ. ವಿನೋದ ನಕ್ಕು ಇನ್ನೂ ಇಬ್ಬರು ಆಳುಗಳನ್ನು ಕರೆಸಿದ. ಮೂರೇ ದಿನಕ್ಕೆ ಮುಗಿಯಿತು.